ಮಿಷಿಗನ್ ಹಿಮದಲ್ಲಿ ಮಾಜ್ದಾ ಎಂಎಕ್ಸ್-5: ಏಳು ಚಳಿಗಾಲಗಳ ನಂತರ

2017ರ ಏಪ್ರಿಲ್‌ನಲ್ಲಿ ಕೊಂಡ ಮಾಜ್ದಾ ಎಂಎಕ್ಸ್-5 ಏಳು ಚಳಿಗಾಲಗಳನ್ನು ಮುಗಿಸಿದೆ. ಓಡಿದ್ದು 68,000 ಮೈಲಿ, ಅಂದರೆ ಸುಮಾರು 1,09,000 ಕಿಲೋಮೀಟರ್. ಮನೆ ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ, ಕೆಲಸ ಡಿಯರ್‌ಬಾರ್ನ್ ಕಡೆಗೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೂ ಇದೇ ಕಾರಿನಲ್ಲಿ ಹೋಗಿ ಬರುತ್ತೇನೆ. ಇಲ್ಲಿನ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಹಿಮ ಬಿದ್ದಾಗ ಇದನ್ನು ಹೇಗೆ ಓಡಿಸುತ್ತೀರಿ?" ಎರಡೇ ಆಸನ, ಬಟ್ಟೆಯ ಛಾವಣಿ, ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ. ಕೇಳುವವರ ಅನುಮಾನ ನನಗೆ ಅರ್ಥವಾಗುತ್ತದೆ. ನನ್ನ ಉತ್ತರ ಇಷ್ಟು: ಟೈರು ಸರಿಯಿದ್ದರೆ ಓಡುತ್ತದೆ, ಹಿಮ ಕಾರಿನ ಹೊಟ್ಟೆಗೆ ತಾಗಿದರೆ ಓಡುವುದಿಲ್ಲ.

ನನ್ನದು ಕ್ಲಬ್ ಮಾದರಿ. ಎರಡು ಲೀಟರ್ ಎಂಜಿನ್, 155 ಅಶ್ವಶಕ್ತಿ, ಆರು ಗೇರಿನ ಮ್ಯಾನುಯಲ್, ಹಿಂದೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಹೋಗುವಂತೆ ಮಾಡುವ ಸಾಧನ). ತೂಕ ಸುಮಾರು 1,060 ಕಿಲೋ; ನಮ್ಮ ಹಳೆಯ ಅಂಬಾಸಿಡರ್‌ಗಿಂತಲೂ ಹಗುರ. ಆ ತೂಕ ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿದೆ. ಹಿಮದಲ್ಲಿ ಈ ಹಗುರತನ ಎಷ್ಟು ದೊಡ್ಡ ವರ ಎಂಬುದು ಕೊಳ್ಳುವಾಗ ನನಗೆ ತಿಳಿದಿರಲಿಲ್ಲ.

ಮೊದಲ ಪಾಠ ಮೊದಲ ನವೆಂಬರ್‌ನಲ್ಲೇ ಆಯಿತು. ಕಾರಿನ ಜೊತೆ ಬಂದದ್ದು 17 ಇಂಚಿನ ಚಕ್ರ, ಅದಕ್ಕೆ 205/45 ಅಳತೆಯ (ಮೊದಲ ಸಂಖ್ಯೆ ಮಿಲಿಮೀಟರ್‌ನಲ್ಲಿ ಟೈರಿನ ಅಗಲ) ಬೇಸಿಗೆ ಟೈರು. ಆ ಬೆಳಿಗ್ಗೆ ಬಿದ್ದಿದ್ದ ಹಿಮ ಅರ್ಧ ಇಂಚೂ ಇರಲಿಲ್ಲ. ಮನೆಯ ಬಳಿಯ ಇಳಿಜಾರು ಇಳಿದು ಸ್ಟಾಪ್ ಫಲಕದ ಹತ್ತಿರ ಬ್ರೇಕ್ ಒತ್ತಿದೆ. ಪಾದದಡಿಯಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಬಿಗಿಯದಂತೆ ತಡೆಯುವ ವ್ಯವಸ್ಥೆ) ಗರಗರ ಎಂದಿತು, ಕಾರು ನಿಲ್ಲಲಿಲ್ಲ. ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಅಡ್ಡರಸ್ತೆಯನ್ನು ಪೂರ್ತಿ ದಾಟಿ ಆಚೆ ಬದಿಯ ಹುಲ್ಲಿನ ಮೇಲೆ ಹೋಗಿ ನಿಂತಿತು. ಪುಣ್ಯಕ್ಕೆ ಅಡ್ಡ ಯಾವ ವಾಹನವೂ ಬರಲಿಲ್ಲ. ಕೈ ನಡುಕ ನಿಲ್ಲುವವರೆಗೆ ಅಲ್ಲೇ ಕುಳಿತಿದ್ದೆ. ಆ ಟೈರನ್ನು ಆ ಚಳಿಯಲ್ಲಿ ರಸ್ತೆಗೆ ತಂದ ತಪ್ಪು ಪೂರ್ತಿ ನನ್ನದು.

ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯುತ್ತಾ ಹೋಗುತ್ತದೆ. ಸೊನ್ನೆಗಿಂತ ಬಹಳ ಕೆಳಗಿಳಿದರೆ ಬಿರುಕು ಬಿಡುವ ಅಪಾಯವೂ ಉಂಟು. ಚಳಿಗಾಲದ ಟೈರಿನ ರಬ್ಬರು ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ, ಅದರ ಮೈತುಂಬ ಕೂದಲೆಳೆಯಂಥ ಸೀಳುಗಳಿರುತ್ತವೆ. ಹಿಮ ಆ ಸೀಳುಗಳಲ್ಲೂ ಟೈರಿನ ಹಲ್ಲುಗಳ ನಡುವಿನ ತೋಡುಗಳಲ್ಲೂ ತುಂಬಿಕೊಳ್ಳುತ್ತದೆ. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುವುದರಿಂದ ಹಿಡಿತ ಸಿಗುತ್ತದೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇದೆಯೇ ಎಂದು ನೋಡಿ. ಎಲ್ಲ ಋತುಗಳಿಗೂ ಆಗುತ್ತದೆ ಎಂದು ಮಾರುವ ಟೈರುಗಳ ಪೈಕಿ ಹೆಚ್ಚಿನವಕ್ಕೆ ಅದು ಇರುವುದಿಲ್ಲ.

ಮಿಷಿಗನ್ನಿನ ಉತ್ತರದ ಪರ್ಯಾಯ ದ್ವೀಪದಲ್ಲಿ ಬೆಳೆದ ಸಹೋದ್ಯೋಗಿಯೊಬ್ಬರು ಒಳ್ಳೆಯ ಸಲಹೆ ಕೊಟ್ಟರು: ಚಕ್ರ ಚಿಕ್ಕದಿರಲಿ, ಟೈರು ಕಿರಿದಾಗಿರಲಿ. ಅಗಲದ ಟೈರು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಸೀಳಿಕೊಂಡು ಹೋಗುತ್ತದೆ. ಹಾಗಾಗಿ 16 ಇಂಚಿನ ಚಕ್ರ, 195/50 ಅಳತೆಯ ಟೈರು ಆರಿಸಿಕೊಂಡೆ. ಚಕ್ರ, ಟೈರು, ಜೋಡಣೆ ಎಲ್ಲ ಸೇರಿ 900 ಡಾಲರ್ ಆಯಿತು. ಬ್ರೆಂಬೊ ಕಂಪನಿಯ ದೊಡ್ಡ ಬ್ರೇಕ್ ಇರುವ ಮಾದರಿ ನಿಮ್ಮದಾದರೆ, 16 ಇಂಚಿನ ಚಕ್ರ ಅದರ ಮೇಲೆ ಕೂರುತ್ತದೆಯೇ ಎಂದು ಕೊಳ್ಳುವ ಮುನ್ನ ಖಚಿತಪಡಿಸಿಕೊಳ್ಳಿ.

ಟೈರು ಅಂಗಡಿಯಲ್ಲಿ ನಡೆದದ್ದನ್ನೂ ಹೇಳಬೇಕು. ಹಿಂದಿನ ಚಕ್ರಗಳಷ್ಟೇ ಕಾರನ್ನು ತಳ್ಳುವುದರಿಂದ ಹಿಂದೆ ಎರಡು ಹಾಕಿದರೆ ಸಾಕು ಎಂದು ಅಲ್ಲಿನವನು ವಾದಿಸಿದ. ಈ ಮಾತು ಇಂದಿಗೂ ನನಗೆ ಸಿಟ್ಟು ತರಿಸುತ್ತದೆ. ಹಿಂದಿನ ಎರಡು ಟೈರುಗಳು ಕಾರನ್ನು ಮುಂದೆ ತಳ್ಳಬಹುದು, ಆದರೆ ತಿರುಗಿಸುವುದು ಮುಂದಿನವು, ಬ್ರೇಕಿನ ಹೆಚ್ಚು ಹೊರೆ ಹೊರುವುದೂ ಮುಂದಿನವೇ. ನಾನು ಅಡ್ಡರಸ್ತೆ ದಾಟಿಹೋದದ್ದು ಕಾರು ಹೊರಡಲಿಲ್ಲವೆಂದಲ್ಲವಲ್ಲ! ನಾಲ್ಕೂ ಹಾಕಿಸಿ, ಇಲ್ಲವೇ ಕಾರನ್ನು ಮನೆಯಲ್ಲಿಡಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ನಮ್ಮ ಮಿಷಿಗನ್ನಿನಲ್ಲಿ ಅಂಥ ಕಾನೂನಿಲ್ಲ. ಅದರ ಫಲವನ್ನು ಪ್ರತಿ ಚಳಿಗಾಲದ ಮೊದಲ ಹಿಮದ ದಿನ ಎಂ-14 ಹೆದ್ದಾರಿಯ ಪಕ್ಕದ ಹಳ್ಳಗಳಲ್ಲಿ ಕಾಣಬಹುದು. ಅಲ್ಲಿ ಬಿದ್ದಿರುವವುಗಳಲ್ಲಿ ನಾಲ್ಕು ಚಕ್ರಕ್ಕೂ ಬಲವಿರುವ ದೊಡ್ಡ ವಾಹನಗಳೇ ಎಷ್ಟೋ. ನಾಲ್ಕು ಚಕ್ರದ ಬಲ ಹೊರಡಲು ನೆರವಾಗುತ್ತದೆ, ನಿಲ್ಲಲು ನೆರವಾಗುವುದಿಲ್ಲ. ಹೊರಡುವುದು ಸುಲಭವಾದಾಗ ರಸ್ತೆ ಎಷ್ಟು ಜಾರುತ್ತಿದೆ ಎಂಬುದೇ ಓಡಿಸುವವರಿಗೆ ತಿಳಿಯುವುದಿಲ್ಲ. ನನ್ನ ಕಾರು ಅದನ್ನು ಮೊದಲ ಹತ್ತು ಅಡಿಯಲ್ಲೇ ತಿಳಿಸುತ್ತದೆ. ಸೀಟು, ಸ್ಟಿಯರಿಂಗ್, ಪಾದ, ಮೂರೂ ಕಡೆಯಿಂದ ಸುದ್ದಿ ಬರುತ್ತದೆ.

ಒಳ್ಳೆಯ ಟೈರು ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕಚೇರಿಯ ಖಾಲಿ ಪಾರ್ಕಿಂಗ್ ಜಾಗಕ್ಕೆ ಅನುಮತಿ ಪಡೆದು ಹೋದೆ. ಎರಡು ಗಂಟೆ ಅಭ್ಯಾಸ ಮಾಡಿದೆ. ಮೊದಲು ಕಾರು ಅಡ್ಡ ಜಾರದಂತೆ ತಾನೇ ತಡೆಯುವ ಸ್ಥಿರತಾ ನಿಯಂತ್ರಣ ವ್ಯವಸ್ಥೆ ಚಾಲೂ ಇಟ್ಟು, ಆಮೇಲೆ ಆರಿಸಿ. ಎರಡನೆಯ ಗೇರಿನಲ್ಲಿ ಹೊರಟರೆ ಚಕ್ರ ಕಡಿಮೆ ಜಾರುತ್ತದೆ. ತಿರುವಿನ ಮಧ್ಯೆ ಆಕ್ಸಿಲರೇಟರ್ ಥಟ್ಟನೆ ಬಿಟ್ಟರೆ ಹಿಂಭಾಗ ಹೊರಕ್ಕೆ ಸರಿಯುತ್ತದೆ, ಥಟ್ಟನೆ ಒತ್ತಿದರೂ ಸರಿಯುತ್ತದೆ. ಸರಿದಾಗ ಹೋಗಬೇಕಾದ ದಿಕ್ಕನ್ನು ಕಣ್ಣಿನಿಂದ ಹಿಡಿದು ಸ್ಟಿಯರಿಂಗನ್ನು ಅತ್ತ ತಿರುಗಿಸಿದರೆ ಹಗುರವಾದ ಈ ಕಾರು ಬೇಗ ಮಾತು ಕೇಳುತ್ತದೆ. ಭಾರದ ವಾಹನದಲ್ಲಿ ಅಷ್ಟು ಹೊತ್ತಿಗೆ ಅವಕಾಶವೇ ಕೈತಪ್ಪಿರುತ್ತದೆ. ನಮ್ಮ ತೀರ್ಥಹಳ್ಳಿಯ ಮನೆಯಲ್ಲಿ ಮಳೆಗಾಲ ಬಂತೆಂದರೆ ಅಂಗಳಕ್ಕೆ ಹಾವಸೆ ಕಟ್ಟುತ್ತದೆ, ನಡೆಯಲು ಅಡಿಕೆ ದಬ್ಬೆ ಹಾಸುತ್ತಾರೆ. ದಬ್ಬೆಯಿಂದ ಆಚೆ ಕಾಲಿಟ್ಟರೆ ಪಾದ ಪೂರ್ತಿ ಊರಬೇಕು, ಗಕ್ಕನೆ ತಿರುಗಬಾರದು, ಗಕ್ಕನೆ ನಿಲ್ಲಬಾರದು. ಚಿಕ್ಕಂದಿನಿಂದ ಮೈಗೆ ಗೊತ್ತಿದ್ದ ಆ ನಡಿಗೆಯನ್ನೇ ಈ ಕಾರು ನನ್ನ ಕೈಕಾಲುಗಳಿಂದ ಮತ್ತೆ ಕೇಳಿತು.

ಊರಿನ ಎಲ್ಲ ಪಾಠಗಳೂ ಹಾಗೇ ಒಗ್ಗಲಿಲ್ಲ. ನಾನು ಮೊದಲು ಕಲಿತದ್ದು ಜೀಪು. ಆಗುಂಬೆ ಘಾಟಿಯ ತಿರುವುಗಳಲ್ಲಿ ಅಪ್ಪ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದದ್ದು ಒಂದೇ ಮಾತು: "ಬ್ರೇಕ್ ಮೇಲೆ ಕಾಲಿಡಬೇಡ, ಗೇರಿನಲ್ಲಿ ಇಳಿಸು." ಎರಡನೆಯ ಚಳಿಗಾಲದಲ್ಲಿ ಹ್ಯೂರನ್ ನದಿಯ ಕಡೆಗೆ ಇಳಿಯುವ ರಸ್ತೆಯೊಂದರಲ್ಲಿ ಹಾಗೆಯೇ ಮಾಡಿದೆ. ಮೂರರಿಂದ ಎರಡನೆಯ ಗೇರಿಗೆ ಹಾಕಿ ಕ್ಲಚ್ ಬಿಟ್ಟ ಕ್ಷಣವೇ ಹಿಂಭಾಗ ಎಡಕ್ಕೆ ಜಾರಿತು. ಹಿಂದಿನ ಚಕ್ರಗಳಿಗಷ್ಟೇ ಬಲವಿರುವ ಕಾರಿನಲ್ಲಿ ಎಂಜಿನ್ ತಡೆಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಮಂಜುಗಡ್ಡೆಯ ಮೇಲೆ ಅದು ಹ್ಯಾಂಡ್‌ಬ್ರೇಕ್ ಎಳೆದಂತೆಯೇ. ಮತ್ತೆ ಕ್ಲಚ್ ಒತ್ತಿದೆ, ಚಕ್ರಗಳು ಬಿಡುಗಡೆಯಾದವು, ಸ್ಟಿಯರಿಂಗ್ ಸರಿಪಡಿಸಿದ ಮೇಲೆ ಕಾರು ನೇರವಾಯಿತು. ಅಂದಿನಿಂದ ಗೇರು ಇಳಿಸುವಾಗ ಬಲಗಾಲಿನಿಂದ ಆಕ್ಸಿಲರೇಟರನ್ನು ತುಸು ಒತ್ತಿ, ಎಂಜಿನ್ನಿನ ವೇಗವನ್ನು ಚಕ್ರದ ವೇಗಕ್ಕೆ ಹೊಂದಿಸಿಯೇ ಕ್ಲಚ್ ಬಿಡುತ್ತೇನೆ. ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಮಳೆಗಾಲದಲ್ಲಿ ನಾವೂ ಹಾಗೆಯೇ ಬಿಡುತ್ತಿದ್ದೆವು. ನಿನಗೆ ಹೇಳುವುದು ಮರೆತಿತ್ತು, ಮಾರಾಯ" ಎಂದರು.

ಸೇತುವೆಗಳ ಬಗ್ಗೆ ಎಷ್ಟು ಎಚ್ಚರ ಹೇಳಿದರೂ ಸಾಲದು. ನೆಲದ ಮೇಲಿನ ರಸ್ತೆಗೆ ಭೂಮಿಯ ಶಾಖ ಅಷ್ಟಿಷ್ಟು ಸಿಗುತ್ತದೆ. ಸೇತುವೆಗೆ ಮೇಲೂ ಕೆಳಗೂ ಚಳಿಗಾಳಿ. ರಸ್ತೆ ಬರೀ ಒದ್ದೆಯಾಗಿ ಕಾಣುವಾಗಲೇ ಸೇತುವೆಯ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಕಟ್ಟಿರುತ್ತದೆ. ಎಂ-14 ಹ್ಯೂರನ್ ನದಿಯನ್ನು ದಾಟುವಲ್ಲಿ ನಾನು ಸ್ಟಿಯರಿಂಗ್, ಬ್ರೇಕ್, ಆಕ್ಸಿಲರೇಟರ್ ಯಾವುದನ್ನೂ ಕದಲಿಸುವುದಿಲ್ಲ. ಇದ್ದ ವೇಗದಲ್ಲೇ ನೇರ ದಾಟುತ್ತೇನೆ. ಆ ಮಂಜುಗಡ್ಡೆಯ ಮೇಲೆ ಎಂಥ ಟೈರಿಗೂ ಹಿಡಿತ ಅತ್ಯಲ್ಪ.

2019ರ ಜನವರಿ ಕೊನೆಯ ವಾರ ಧ್ರುವದ ಚಳಿ ನಮ್ಮ ಮೇಲೆ ಇಳಿದಿತ್ತು. ಡೆಟ್ರಾಯಿಟ್ ಸುತ್ತ ಉಷ್ಣಾಂಶ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಹೋಯಿತು. ಅದೇ ಹೊತ್ತಿಗೆ ಅನಿಲ ಪೂರೈಕೆಯ ಕೇಂದ್ರವೊಂದರಲ್ಲಿ ಬೆಂಕಿ ಬಿದ್ದು, ಮನೆಯ ಹೀಟರನ್ನು 65 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿ ಎಂಬ ಸಂದೇಶ ರಾತ್ರಿ ಎಲ್ಲರ ಮೊಬೈಲಿಗೆ ಬಂತು. ಮರುದಿನ ಬೆಳಿಗ್ಗೆ ಕಾರು ಎರಡನೆಯ ಪ್ರಯತ್ನಕ್ಕೆ ಚಾಲೂ ಆಯಿತು. ಗೇರ್ ಪೆಟ್ಟಿಗೆಯ ಎಣ್ಣೆ ಜೇನಿನಂತೆ ಗಟ್ಟಿಯಾಗಿ, ಮೊದಲ ಐದಾರು ಮೈಲಿ ಎರಡನೆಯ ಗೇರು ಬೀಳಲು ಒಪ್ಪಲಿಲ್ಲ. ಬಲವಂತ ಮಾಡದೆ ನಿಧಾನವಾಗಿ ಹಾಕುತ್ತಾ ಹೋದೆ. ಟೈರಿನ ಗಾಳಿಯೂ ಇಳಿದಿತ್ತು. ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಕುಸಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ (ಟೈರಿನ ಗಾಳಿಯನ್ನು ಅಳೆಯುವ ಮಾನ) ಕುಸಿಯುತ್ತದೆ. ಚಳಿಗಾಲವಿಡೀ ಹದಿನೈದು ದಿನಕ್ಕೊಮ್ಮೆ ಗಾಳಿ ನೋಡುತ್ತೇನೆ.

ಒಳಗೆ ಚಳಿಯಾಗುವುದಿಲ್ಲವೇ ಎಂದು ಕೇಳುವವರಿಗೆ: ಆಗುವುದಿಲ್ಲ. ಕೋಣೆ ಪುಟ್ಟದು, ಹೀಟರ್ ಬೇಗ ಬೆಚ್ಚಗೆ ಮಾಡುತ್ತದೆ. ಹಿಂದಿನ ಗಾಜಿಗೆ ಕಾಯಿಸುವ ತಂತಿಗಳೂ ಇವೆ. ಬಟ್ಟೆಯ ಛಾವಣಿಯ ಮೇಲಿನ ಹಿಮವನ್ನು ಸ್ಪಂಜಿನ ತಲೆಯ ಪೊರಕೆಯಿಂದ ತಳ್ಳಬೇಕು. ಗಟ್ಟಿ ಪ್ಲಾಸ್ಟಿಕ್ ಕೆರೆಯುವ ಸಾಧನ ಬಟ್ಟೆಗೆ ತಾಗಕೂಡದು. ಕೊರೆವ ಚಳಿಯಲ್ಲಿ ಛಾವಣಿ ಮಡಿಸಬೇಡಿ. ಬಾಗಿಲ ರಬ್ಬರಿಗೆ ನವೆಂಬರ್‌ನಲ್ಲೇ ಸಿಲಿಕೋನ್ ಸವರಿ. ಛಾವಣಿಯ ನೀರು ಇಳಿಯುವ ರಂಧ್ರಗಳಲ್ಲಿ ಎಲೆಗಳು ಸೇರಿಕೊಂಡಿರುತ್ತವೆ, ಅವನ್ನೂ ಆಗಲೇ ತೆಗೆಯಿರಿ. ಇನ್ನೊಂದು ವಿಷಯ, ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ: ಎಲ್‌ಇಡಿ ದೀಪದ ಗಾಜು ಹಳೆಯ ದೀಪಗಳಂತೆ ಬಿಸಿಯಾಗುವುದಿಲ್ಲ. ಹಿಮಪಾತದಲ್ಲಿ ಓಡಿಸುವಾಗ ಅದರ ಮೇಲೆ ಹಿಮ ಕಟ್ಟಿ ಬೆಳಕು ಮಂಕಾಗುತ್ತದೆ. ಇಪ್ಪತ್ತು ಮೈಲಿಗೊಮ್ಮೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಒರೆಸುವುದೊಂದೇ ದಾರಿ.

ಹಿಮಕ್ಕಿಂತ ಈ ಕಾರಿಗೆ ದೊಡ್ಡ ಶತ್ರು ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು. ಡೆಟ್ರಾಯಿಟ್ ನಗರದ ಅಡಿಯಲ್ಲೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಈ ನಾಡಿನ ರಸ್ತೆಗಳಿಗೆ ಉಪ್ಪಿನ ಬರವೆಂಬುದಿಲ್ಲ. ಹಳೆಯ ತಲೆಮಾರಿನ ಎಂಎಕ್ಸ್-5ಗಳನ್ನು ಉಪ್ಪಿನ ಊರುಗಳಲ್ಲಿ ನೋಡಿದವರಿಗೆ ಬಾಗಿಲ ಕೆಳಗಿನ ತಗಡು ತುಕ್ಕು ತಿಂದು ಉದುರುವುದು ಗೊತ್ತು. ಪ್ರತಿ ಅಕ್ಟೋಬರ್‌ನಲ್ಲಿ ಅಡಿಭಾಗಕ್ಕೆ ತುಕ್ಕು ತಡೆಯುವ ಎಣ್ಣೆ ಹೊಡೆಸುತ್ತೇನೆ. ಉಷ್ಣಾಂಶ ಸೊನ್ನೆ ದಾಟಿದ ದಿನ ಅಡಿಭಾಗ ತೊಳೆಸುತ್ತೇನೆ. ಕಳೆದ ಮೇ ತಿಂಗಳಲ್ಲಿ ಕಾರನ್ನು ಎತ್ತಿಸಿ ನೋಡಿದಾಗ ಕೆಲವು ಬೋಲ್ಟುಗಳ ತಲೆ ಕೆಂಪಾಗಿದ್ದವು, ತಗಡು ಗಟ್ಟಿಯಾಗಿತ್ತು. ಈ ಕೆಲಸಕ್ಕೆ ಸೋಮಾರಿತನ ಬಂದರೆ ಕಾರನ್ನು ಚಳಿಗಾಲದಲ್ಲಿ ಹೊರಗೆ ತರುವುದು ಅನ್ಯಾಯ.

ಇನ್ನು ಸೋತ ದಿನ. ನೆಲದಿಂದ ಕಾರಿನ ಅಡಿಗೆ ಇರುವ ಅಂತರ ಸುಮಾರು 13 ಸೆಂಟಿಮೀಟರ್. ಒಂದು ಫೆಬ್ರವರಿ ರಾತ್ರಿ ಅದಕ್ಕೂ ಹೆಚ್ಚು ಹಿಮ ಬಿದ್ದಿತ್ತು. ಬೆಳಿಗ್ಗೆ ಹಿಮ ತೆಗೆಯುವ ಲಾರಿ ರಸ್ತೆಯನ್ನು ಸ್ವಚ್ಛ ಮಾಡುತ್ತಾ ನಮ್ಮ ಡ್ರೈವ್‌ವೇ ಬಾಯಿಗೆ ಹಿಮದ ಬದು ಹಾಕಿ ಹೋಗಿತ್ತು. ಅದನ್ನು ಸಲಿಕೆಯಿಂದ ಎತ್ತುವ ತಾಳ್ಮೆಯಿಲ್ಲದೆ ಕಾರನ್ನು ನುಗ್ಗಿಸಿದೆ. ಅರ್ಧ ದಾಟುವಷ್ಟರಲ್ಲಿ ಹೊಟ್ಟೆ ಬದುವಿನ ಮೇಲೆ ಕುಳಿತು, ಹಿಂದಿನ ಚಕ್ರಗಳಿಗೆ ನೆಲದ ಮೇಲೆ ಭಾರವೇ ಇಲ್ಲದಂತಾಯಿತು. ಆಗ ಟೈರಿನಿಂದಲೂ ಉಪಯೋಗವಿಲ್ಲ, ಡಿಫರೆನ್ಷಿಯಲ್ಲಿನಿಂದಲೂ ಇಲ್ಲ. ಹೆಂಡತಿ ಸಲಿಕೆ ಹಿಡಿದು ಬಂದಳು, ಪಕ್ಕದ ಮನೆಯ ಅಜ್ಜ ಮರಳಿನ ಚೀಲ ತಂದರು. ಅಡಿಯ ಹಿಮ ತೋಡಿ, ಊರಿನಲ್ಲಿ ಕೆಸರಿಗೆ ಹೂತ ಜೀಪಿಗೆ ಗೋಣಿಚೀಲ ಕೊಡುವ ಹಾಗೆ ಚಕ್ರಗಳಡಿಗೆ ನೆಲಹಾಸು ಕೊಟ್ಟು, ಮುಕ್ಕಾಲು ಗಂಟೆಯಲ್ಲಿ ಹೊರಗೆ ತಂದೆವು. ಅಂದಿನಿಂದ ಮಡಿಸುವ ಸಲಿಕೆ, ಹಳೆಯ ನೆಲಹಾಸು ಎರಡು, ಸಣ್ಣ ಮರಳು ಚೀಲ ಡಿಕ್ಕಿಯಲ್ಲೇ ಇವೆ. ಡಿಕ್ಕಿ ಇರುವುದೇ 130 ಲೀಟರ್, ಸ್ಟೆಪ್ನಿಯೂ ಇಲ್ಲ, ಆದರೂ ಇವಕ್ಕೆ ಜಾಗ ಮಾಡಿದ್ದೇನೆ. ಹಿಡಿತ ಹೆಚ್ಚಲೆಂದು ಹಿಂದೆ ಭಾರದ ಮೂಟೆ ಹೇರುವುದನ್ನು ನಾನು ಒಪ್ಪುವುದಿಲ್ಲ. ಈ ಕಾರಿನ ಸಮತೋಲವೇ ಅದರ ಬಲ.

ಮೊದಲ ಸೆಟ್ ಚಳಿಗಾಲದ ಟೈರು ಐದು ಋತು ಬಾಳಿತು. ಹಲ್ಲಿನ ಆಳ 4 ಮಿಲಿಮೀಟರ್‌ಗೆ ಬಂದಾಗ ಬದಲಿಸಿದೆ. ಕಾನೂನಿನ ಮಿತಿ ಅದಕ್ಕಿಂತ ಕೆಳಗಿದ್ದರೂ ಹಿಮದಲ್ಲಿ ಅಷ್ಟು ಸವೆದ ಟೈರನ್ನು ನಂಬಲಾಗದು. ಬೇಸಿಗೆ ಟೈರುಗಳು ಚಳಿಗಾಲವಿಡೀ ಗ್ಯಾರೇಜಿನಲ್ಲಿ ವಿಶ್ರಾಂತಿಯಲ್ಲಿರುವುದರಿಂದ ಖರ್ಚು ತೋರುವಷ್ಟು ಹೆಚ್ಚಲ್ಲ.

ಮನೆಯಲ್ಲಿ ಇದೊಂದೇ ಕಾರು, ರಸ್ತೆ ಸ್ವಚ್ಛವಾಗಲು ಮಧ್ಯಾಹ್ನವಾಗುವ ಹಳ್ಳಿ, ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡಲೇಬೇಕು ಎನ್ನುವವರಿಗೆ ಇದನ್ನು ಕೊಳ್ಳಿ ಎಂದು ಹೇಳಲಾರೆ. ಪಶ್ಚಿಮದ ಸರೋವರದಂಚಿನ ಊರುಗಳವರೂ ಯೋಚಿಸಬೇಕು. ಮಿಷಿಗನ್ ಸರೋವರದ ಬೆಚ್ಚನೆಯ ನೀರಿನ ಮೇಲಿಂದ ಬರುವ ಚಳಿಗಾಳಿ ಅಲ್ಲಿ ಗಂಟೆಗಳಲ್ಲಿ ಮೊಣಕಾಲೆತ್ತರ ಹಿಮ ಸುರಿಯಬಲ್ಲದು. ನಮ್ಮ ಮನೆಯಲ್ಲಿ ಎತ್ತರದ ಇನ್ನೊಂದು ಕಾರಿದೆ. 13 ಸೆಂಟಿಮೀಟರ್‌ಗಿಂತ ಹೆಚ್ಚು ಹಿಮ ರಸ್ತೆಯಲ್ಲಿ ಉಳಿದಿದ್ದರೆ ಎಂಎಕ್ಸ್-5 ಗ್ಯಾರೇಜಿನಲ್ಲೇ ಇರುತ್ತದೆ. ಅಂಥ ದಿನಗಳನ್ನು ದಿನಚರಿಯಲ್ಲಿ ಗುರುತು ಹಾಕಿಕೊಂಡು ಬಂದಿದ್ದೇನೆ: ಏಳು ಚಳಿಗಾಲಗಳಲ್ಲಿ ಒಟ್ಟು ಹತ್ತೊಂಬತ್ತು.