ತಾರಸಿ ಮೇಲೆ ಒಣಗಿಸಿದ ರಾಜ್ಮಾ ಚಾವಲ್: ಟ್ರೆಕ್ಕಿಗೆ ಹೊರಟವರು ಓದಿ

ಟ್ರೆಕ್ಕಿಂಗ್ ವಾಟ್ಸಾಪ್ ಗುಂಪುಗಳಲ್ಲಿ ಈಗ ಹೊಸ ವ್ಯಾಪಾರ ಶುರುವಾಗಿದೆ. ಮನೆಯಲ್ಲೇ ಬೇಯಿಸಿ ಒಣಗಿಸಿದ ಬಿಸಿಬೇಳೆಬಾತ್, ರಾಜ್ಮಾ ಚಾವಲ್, ಪಲಾವ್. ಜಿಪ್‌ಲಾಕ್ ಚೀಲದಲ್ಲಿ ಕೊಡ್ತಾರೆ, ಕುದಿನೀರು ಹಾಕಿ ಮುಚ್ಚಿಟ್ಟರೆ ಊಟ ರೆಡಿ. ಐಡಿಯಾ ಕೆಟ್ಟದ್ದೇನಲ್ಲ. 100 ಗ್ರಾಂ ಅನ್ನದಲ್ಲಿ ಸುಮಾರು 70 ಗ್ರಾಂ ನೀರೇ ಇರೋದು, ಅದನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತೋದ್ಯಾಕೆ? ಆದರೆ ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿ: ಯಾವುದರಲ್ಲಿ, ಎಷ್ಟು ಡಿಗ್ರಿಯಲ್ಲಿ ಒಣಗಿಸಿದ್ದು? "ತಾರಸಿ ಮೇಲೆ", "ಫ್ಯಾನ್ ಕೆಳಗೆ" ಅನ್ನೋ ಉತ್ತರ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ನಾವು ಹೋಗಿದ್ದು ಹಿಮಾಚಲದ ಹಂಪ್ತಾ ಪಾಸ್ ಅನ್ನೋ ಬೆಟ್ಟದ ಕಣಿವೆದಾರಿಗೆ. ಮನಾಲಿ ಹತ್ತಿರದ ಜೋಬ್ರಾದಿಂದ ನಡಿಗೆ, ಚಿಕಾದಲ್ಲಿ ಮೊದಲ ರಾತ್ರಿ, ಮಾರನೇ ದಿನ ಬಾಲು ಕಾ ಘೇರಾ. ಅಲ್ಲಿಯ ಎತ್ತರ ಸುಮಾರು 3,600 ಮೀಟರ್. ಅಡುಗೆಯವರನ್ನು ಕರೆದುಕೊಂಡು ಹೋಗುವ ಕಂಪನಿ ಟ್ರೆಕ್ ಅಲ್ಲ ಅದು. ಟೆಂಟು, ಸ್ಟವ್, ಊಟ ಎಲ್ಲ ನಮ್ಮ ಬೆನ್ನ ಮೇಲೆ, ಜೊತೆಗೊಬ್ಬ ಅಲ್ಲಿನ ಗೈಡ್. ಪ್ಯಾಕೆಟ್‌ಗಳನ್ನು ಬೆಂಗಳೂರಿನ ಒಬ್ಬರಿಂದ ತರಿಸಿದ್ದೆವು. ಜೂನ್ ಕೊನೆಯಲ್ಲಿ ತಯಾರಾದ ಮಾಲು. ಜೂನ್‌ನಲ್ಲಿ ಬೆಂಗಳೂರಿನಲ್ಲಿ ಮೋಡವೇ ಜಾಸ್ತಿ, ಬಿಸಿಲು ಎಷ್ಟು ಅಂತ ಇಲ್ಲಿರೋರಿಗೆ ಹೇಳಬೇಕಿಲ್ಲ.

ಚಿಕಾದಲ್ಲಿ ತಿಂದ ಪಲಾವ್ ಚೆನ್ನಾಗೇ ಇತ್ತು. ಬಾಲು ಕಾ ಘೇರಾದಲ್ಲಿ ರಾಜ್ಮಾ ಚಾವಲ್ ಬಿಚ್ಚಿದೆವು. ಅನ್ನ ಉದುರುದುರಾಗಿರಲಿಲ್ಲ, ಚೀಲದ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಗಂಟು. ಹಿಚುಕಿದರೆ ಪುಡಿಯಾಗದೆ ಬಾಗಿತು. ಕುದಿನೀರು ಹಾಕಿ ಎಷ್ಟು ಹೊತ್ತು ಕಾದರೂ ರಾಜ್ಮಾ ಹಲ್ಲಿಗೆ ಗಟ್ಟಿ, ಕಚ್ಚಿ ನೋಡಿದರೆ ಒಳಗೆ ಸುಣ್ಣದ ಹಾಗೆ ಬಿಳಿ. ಮಸಾಲೆ ಘಮ ಮಾತ್ರ ಜೋರಾಗಿತ್ತು. ಚಳಿ, ಜಿಟಿಜಿಟಿ ಮಳೆ, ಹಸಿವು. ತಟ್ಟೆ ಖಾಲಿಯಾಯ್ತು.

ಎರಡು ಗಂಟೆ ಕಳೆದಿರಬೇಕು, ಒಂದಾದ ಮೇಲೊಂದು ಟೆಂಟಿನ ಜಿಪ್ ಎಳೆಯುವ ಸದ್ದು ಶುರುವಾಯ್ತು. ವಾಂತಿ, ಹೊಟ್ಟೆ ನುಲಿತ, ಬೆಳಗಿನ ಜಾವದ ಹೊತ್ತಿಗೆ ಭೇದಿ. ಚೆನ್ನಾಗಿ ಉಳಿದವರು ಇಬ್ಬರೇ. ತನ್ನ ಪಾಡಿಗೆ ರೊಟ್ಟಿ ತಿಂದ ಗೈಡ್ ಒಬ್ಬ. ಇನ್ನೊಬ್ಬಳು, ಅವತ್ತು ಏಕಾದಶಿ ಅಂತ ಅನ್ನ ಮುಟ್ಟದೆ ಒಗ್ಗರಣೆ ಅವಲಕ್ಕಿ ತಿಂದಿದ್ದ ಗೆಳತಿ. ದೇವರೇ ಕಾಪಾಡಿದ ಅಂತಾಳೆ, ನಾನಂತೂ ವಾದಕ್ಕೆ ಹೋಗಲ್ಲ.

ಊಟ ಕೆಟ್ಟರೆ ಊರಲ್ಲಾದರೆ ಒಂದು ದಿನದ ಸಂಕಟ. ಆ ಎತ್ತರದಲ್ಲಿ ಲೆಕ್ಕವೇ ಬೇರೆ. ಎತ್ತರದ ಕಾಯಿಲೆಯಲ್ಲೂ ವಾಕರಿಕೆ, ವಾಂತಿ, ಸುಸ್ತು ಇರುತ್ತೆ, ಸಾಮಾನ್ಯವಾಗಿ ತಲೆನೋವಿನ ಜೊತೆ. ನಮಗೆ ಮೊದಲು ತಲೆನೋವು ಇರಲಿಲ್ಲ, ಹೊಟ್ಟೆ ನುಲಿತವೇ ಮೊದಲು, ಅದೂ ಊಟ ಮಾಡಿದವರಿಗೆ ಮಾತ್ರ. ಆದರೆ ರಾತ್ರಿ ಕತ್ತಲಲ್ಲಿ ಟಾರ್ಚ್ ಹಿಡಿದು ಅದನ್ನೆಲ್ಲ ಬಿಡಿಸಿ ನೋಡುವವರು ಯಾರು? ಒಬ್ಬರು ಎಲ್ಲರಿಗೂ ಎತ್ತರದ ಕಾಯಿಲೆಗೆ ತಗೊಳ್ಳುವ ಡೈಮಾಕ್ಸ್ ಕೊಡೋಣ ಅಂದರು. ಅದು ಮೂತ್ರ ಹೆಚ್ಚಿಸುವ ಮಾತ್ರೆ, ಮೈಯಲ್ಲಿ ನೀರೇ ಇಲ್ಲದವರಿಗೆ ಅದನ್ನು ಕೊಟ್ಟರೆ ಇನ್ನಷ್ಟು ಫಜೀತಿ. ಗೈಡ್ ತಲೆ ಕೆಡಿಸಿಕೊಳ್ಳಲಿಲ್ಲ. ಎರಡರಲ್ಲಿ ಯಾವುದಾದರೂ ಆಗಲಿ, ಬೆಳಕಾದ ತಕ್ಷಣ ಕೆಳಗಿಳಿಯೋದೇ ಅಂದ. ಓಆರ್‌ಎಸ್ ಗುಟುಕರಿಸುತ್ತಾ ಚಿಕಾಕ್ಕೆ ವಾಪಸ್ ಇಳಿದೆವು. ಪಾಸ್ ದಾಟಲಿಲ್ಲ, ಚಂದ್ರತಾಲ್ ಸರೋವರ ನೋಡಲಿಲ್ಲ.

ಊರಿಗೆ ಬಂದು ಮಾರಿದವರಿಗೆ ಫೋನ್ ಮಾಡಿದೆ. "ಸರ್, ನಮ್ಮಜ್ಜಿ ಕಾಲದಿಂದ ಸಂಡಿಗೆ ಹೀಗೇ ಒಣಗಿಸ್ತಾ ಬಂದಿದ್ದೀವಿ, ಯಾರಿಗೂ ಏನೂ ಆಗಿಲ್ಲ. ನೀವೇ ಸರಿಯಾಗಿ ಕುದಿಸಿಲ್ಲ ಅನ್ಸತ್ತೆ." ಇನ್ನಷ್ಟು ಕೇಳಿದ ಮೇಲೆ ಬಾಯಿ ಬಿಟ್ಟರು. ಅನ್ನವನ್ನು ಪ್ಲಾಸ್ಟಿಕ್ ಹಾಳೆ ಮೇಲೆ ಹರಡಿ ತಾರಸಿಯಲ್ಲಿ ಇಡೋದು, ಮೋಡ ಬಂದರೆ ಒಳಗೆ ತಂದು ಫ್ಯಾನ್ ಕೆಳಗೆ, ಮಾರನೇ ದಿನ ಮತ್ತೆ ಮೇಲೆ. ರಾಜ್ಮಾ ಒಡೆದರೆ ನೋಡೋಕೆ ಚೆನ್ನಾಗಿರಲ್ಲ ಅಂತ ವಿಷಲ್ ಕಡಿಮೆ.

ಸಂಡಿಗೆಯ ಈ ವಾದ ಎಲ್ಲರ ಬಾಯಲ್ಲೂ ಬರುತ್ತೆ. ಅಕ್ಕಿ ಸಂಡಿಗೆಯ ಹಿಟ್ಟೂ ಬೇಯಿಸಿದ್ದೇ, ನಿಜ. ಆದರೆ ಅದನ್ನು ಇಡೋದು ಬೇಸಿಗೆಯ ಸುಡುಬಿಸಿಲಲ್ಲಿ, ತೆಳ್ಳಗೆ, ಉಪ್ಪು ಹೆಚ್ಚಾಗಿ. ಸಂಜೆಯೊಳಗೆ ಮೇಲ್ಮೈ ಗರಿಗರಿ. ಮೋಡದ ದಿನ ಸಂಡಿಗೆ ಇಡೋ ಅಜ್ಜಿಯನ್ನು ನಾನಂತೂ ನೋಡಿಲ್ಲ. ಅನ್ನ, ಬೇಳೆ ಹರಡಿ ಎರಡು ದಿನ 25 ಡಿಗ್ರಿಯಲ್ಲಿ ಇಟ್ಟರೆ ಅದನ್ನು ಒಣಗಿಸೋದು ಅನ್ನಲ್ಲ, ಬ್ಯಾಕ್ಟೀರಿಯಾ ಸಾಕೋದು ಅಂತಾರೆ. 5ರಿಂದ 60 ಡಿಗ್ರಿಯ ಮಧ್ಯೆ ಬೇಯಿಸಿದ ಆಹಾರ ಹೆಚ್ಚು ಹೊತ್ತು ಇರಬಾರದು. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದರೂ ಸಾಯಲ್ಲ. ತೇವ, ಹದ ಬಿಸಿ ಸಿಕ್ಕಿದರೆ ಬೆಳೆದು ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಕುದಿನೀರಿಗೆ ಜಗ್ಗೋದಿಲ್ಲ. "ಹೇಗೂ ಮತ್ತೆ ಕುದಿಸ್ತೀವಲ್ಲ" ಅನ್ನೋ ಧೈರ್ಯ ಇಲ್ಲಿ ಕೆಲಸಕ್ಕೆ ಬರಲ್ಲ.

ರಾಜ್ಮಾದ್ದು ಬೇರೆ ಕತೆ. ಹಸಿ ರಾಜ್ಮಾದಲ್ಲೇ ಲೆಕ್ಟಿನ್ ಅನ್ನೋ ವಿಷವಿದೆ, ನಾಲ್ಕೈದು ಕಾಳು ಸಾಕು ವಾಂತಿಗೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, 100 ಡಿಗ್ರಿಯಲ್ಲಿ ಚೆನ್ನಾಗಿ ಕುದಿಸಿದರೆ ಹೋಗುತ್ತೆ. ಅರೆಬೆಂದ ಕಾಳು ಹಸಿಕಾಳಿಗಿಂತಲೂ ಕೆಟ್ಟದ್ದಾಗಬಹುದು. ಮನೆಯಲ್ಲಿ ಉಳಿದ ಕೊರತೆಯನ್ನು ಬೆಟ್ಟದಲ್ಲಿ ತುಂಬಿಸೋಕೂ ಆಗಲ್ಲ, 3,600 ಮೀಟರ್‌ನಲ್ಲಿ ನೀರು ಕುದಿಯೋದೇ ಸುಮಾರು 88 ಡಿಗ್ರಿಗೆ. ನಮ್ಮನ್ನು ಮಲಗಿಸಿದ್ದು ಅನ್ನವೋ ಕಾಳೋ, ಲ್ಯಾಬಿಗೆ ಯಾರೂ ಕಳಿಸಲಿಲ್ಲ. ನನ್ನ ಅನುಮಾನ ಎರಡರ ಮೇಲೂ ಇದೆ. ಉಳಿದಿದ್ದ ಬಿಸಿಬೇಳೆಬಾತ್ ಪ್ಯಾಕೆಟ್ ಮನೆಗೆ ಬಂದು ಬಿಚ್ಚಿದರೆ ತುಪ್ಪ ಕಮಟು ಹಿಡಿದಿತ್ತು. ಕೊಬ್ಬು ಒಣಗೋ ಪದಾರ್ಥವೇ ಅಲ್ಲ. ತುಪ್ಪ, ಕೊಬ್ಬರಿ ಬೇಕಾದರೆ ಬೇರೆ ಡಬ್ಬಿಯಲ್ಲಿ ಒಯ್ಯಬೇಕು.

ಮನೆಯಲ್ಲೇ ಮಾಡಿಕೊಳ್ಳೋದಾದರೆ ಬಿಸಿಗಾಳಿಯಲ್ಲಿ ಒಣಗಿಸುವ ಡಿಹೈಡ್ರೇಟರ್ ಯಂತ್ರ ತಗೊಳ್ಳಿ, 60 ಡಿಗ್ರಿ ಆಸುಪಾಸಿನಲ್ಲಿ ಇಡಿ. ಮನೆಯಲ್ಲಿರೋ ಹಲವು ಓಟಿಜಿ ಓವನ್‌ಗಳು ಶುರುವಾಗೋದೇ 100 ಡಿಗ್ರಿಗೆ. ಅದರಲ್ಲಿ ಹೊರಗೆ ಕವಚ ಕಟ್ಟಿ ಒಳಗೆ ತೇವ ಉಳಿಯುತ್ತೆ. ರಾಜ್ಮಾ ಕುಕ್ಕರಿನಲ್ಲಿ ಹಿಸುಕಿದರೆ ಮೆತ್ತಗಾಗುವಷ್ಟು ಬೆಂದಿರಲಿ, ಮಸೆದು ತೆಳ್ಳಗೆ ಹರಡಿ. ಬೆಂದ ತಕ್ಷಣ ಟ್ರೇಗೆ ಹೋಗಲಿ, ರಾತ್ರಿ ಪಾತ್ರೆಯಲ್ಲಿ ಬಿಡಬೇಡಿ. ಒಣಗಿದ್ದನ್ನು ಗಾಜಿನ ಬಾಟಲಿಗೆ ಹಾಕಿ ಒಂದು ವಾರ ದಿನಾ ಅಲ್ಲಾಡಿಸಿ. ಗಾಜಿನ ಮೇಲೆ ಹನಿ ಕಂಡರೆ ಅಥವಾ ಅನ್ನ ಗಂಟು ಕಟ್ಟಿದರೆ ಇನ್ನೂ ಒಣಗಿಲ್ಲ ಅಂತ. ಬೂಷ್ಟು ಕಂಡರೆ ಎಸೆಯಿರಿ, ಮೇಲಿಂದ ಕೆರೆದು ಉಳಿಸೋ ಆಸೆ ಬೇಡ. ಮೈಸೂರಿನಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗೆ ಇಂಥದ್ದೇ ಊಟ ರೂಪಿಸುತ್ತಾ ಬಂದಿದೆ. ಅವರ ಹತ್ತಿರ ತೇವ ಅಳೆಯೋ ಯಂತ್ರ ಇದೆ. ನಮ್ಮ ಹತ್ತಿರ ಇರೋದು ಈ ಬಾಟಲಿ ಪರೀಕ್ಷೆ.

ಇಷ್ಟು ತಾಪತ್ರಯ ಬೇಡ ಅನ್ನೋರಿಗೆ ಅವಲಕ್ಕಿ, ಹುರಿಹಿಟ್ಟು, ಶಾವಿಗೆ, ಪುಳಿಯೋಗರೆ ಗೊಜ್ಜು, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದೇ ಇವೆ. ಕೊಂಡೇ ತಿನ್ನೋದಾದರೆ ಪ್ಯಾಕೆಟ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್, ತಯಾರಿಸಿದ ತಾರೀಕು ನೋಡಿ. ನಮ್ಮ ಪ್ಯಾಕೆಟ್ ಮೇಲೆ ಇದ್ದಿದ್ದು ಒಂದು ಬೆಟ್ಟದ ಸ್ಟಿಕ್ಕರ್ ಮಾತ್ರ.

ನಮಗೆ ಮಾರಿದವರು ಅದೇ ಗುಂಪಿನಲ್ಲಿ ಈಗಲೂ ಆರ್ಡರ್ ತಗೊಳ್ತಿದ್ದಾರೆ. ಹೊಸ ಮೆನುವಿನಲ್ಲಿ ಎಗ್ ಬುರ್ಜಿ ಸೇರಿದೆ.