ಸಕ್ಕರೆ ಬಾಟಲಿಯೋ, ನಿಂಬೆ ಉಪ್ಪೋ, ಸಿಲಿಂಡರೋ? ಅಕ್ವೇರಿಯಂ ಗಿಡಗಳಿಗೆ ಗ್ಯಾಸ್ ಕೊಡುವ ದಾರಿಗಳ ಹೋಲಿಕೆ

ಪರೀಕ್ಷೆ ನಡೆದದ್ದು ಎರಡಡಿಯ ತೊಟ್ಟಿಯಲ್ಲಿ: 60×30×30 ಸೆಂ.ಮೀ., ಮಣ್ಣು-ಕಲ್ಲು ಕಳೆದರೆ ಸುಮಾರು 45 ಲೀಟರ್ ನೀರು. ದಿನಕ್ಕೆ 7 ಗಂಟೆ ಎಲ್‌ಇಡಿ ಬೆಳಕು, ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲು. ಗೊಬ್ಬರವೂ ಉದ್ದಕ್ಕೂ ಒಂದೇ. ಗಿಡಗಳು ರೋಟಾಲಾ, ವ್ಯಾಲಿಸ್ನೇರಿಯಾ, ಕ್ರಿಪ್ಟೋಕೊರೈನ್, ಅನುಬಿಯಾಸ್ ಮತ್ತು ಒಂದು ಹಿಡಿ ಜಾವಾ ಮಾಸ್. ಬದಲಾದದ್ದು ಇಂಗಾಲ ಕೊಡುವ ವಿಧಾನ ಮಾತ್ರ. ಒಂದೊಂದನ್ನೂ ಎರಡು ತಿಂಗಳು ನಡೆಸಿ ನೋಡಿದ್ದು.

ಗ್ಯಾಸ್, ಅಂದರೆ ಇಂಗಾಲದ ಡೈಆಕ್ಸೈಡ್, ಎಲ್ಲರಿಗೂ ಬೇಕಿಲ್ಲ. ಅನುಬಿಯಾಸ್, ಕ್ರಿಪ್ಟೋಕೊರೈನ್, ಜಾವಾ ಫರ್ನ್ ಅದಿಲ್ಲದೆಯೂ ನಿಧಾನಕ್ಕೆ ಬೆಳೆಯುತ್ತವೆ. ವ್ಯಾಲಿಸ್ನೇರಿಯಾ ನೀರಿನಲ್ಲಿರುವ ಬೈಕಾರ್ಬನೇಟನ್ನೇ ಹೀರಿಕೊಳ್ಳಬಲ್ಲದು, ಹಾಗಾಗಿ ಗಡಸು ಬೋರ್‌ವೆಲ್ ನೀರಿನಲ್ಲೂ ಸೊಂಪಾಗಿರುತ್ತದೆ. ರೋಟಾಲಾ ಕೆಂಪಗಾಗಬೇಕು, ನೆಲಕ್ಕೆ ಹಾಸಿನಂತೆ ಹುಲ್ಲು ಹರಡಬೇಕು ಎಂದರೆ ಮಾತ್ರ ಗ್ಯಾಸಿನ ಮಾತು. ಗ್ಯಾಸ್ ಕೊಡದ ತೊಟ್ಟಿಯಲ್ಲಿ ಲೀಟರಿಗೆ 2–4 ಮಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಇದ್ದರೆ ಹೆಚ್ಚು, ಮುಟ್ಟಬೇಕಾದದ್ದು 25–30. ಅದಕ್ಕಿಂತ ಮುಖ್ಯ, ದಿನವೂ ಅದೇ ಮಟ್ಟ ನಿಲ್ಲಬೇಕು. ಇವತ್ತು 30, ನಾಳೆ 10 ಆದರೆ ಎಲೆಯಂಚಿಗೆ ಕಪ್ಪು ಗಡ್ಡದ ಪಾಚಿ ಕೂರುತ್ತದೆ. ಕೆಳಗಿನ ಅಷ್ಟನ್ನೂ ಅಳೆದದ್ದು ಈ ಒಂದು ಗುಣದ ಮೇಲೆ.

ಸಕ್ಕರೆ ಮತ್ತು ಈಸ್ಟ್

ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಗೆ 200 ಗ್ರಾಂ ಸಕ್ಕರೆ, ಕಾಲು ಚಮಚ ಬೇಕರಿ ಈಸ್ಟ್, ಅರ್ಧ ಚಮಚ ಅಡುಗೆ ಸೋಡಾ. ಬಾಟಲಿಯ ಭುಜ ಶುರುವಾಗುವಲ್ಲಿಯವರೆಗೆ ಉಗುರುಬೆಚ್ಚಗಿನ ನೀರು. ಅದಕ್ಕಿಂತ ಮೇಲೆ ತುಂಬಿದರೆ ನೊರೆ ಪೈಪಿಗೇರಿ ತೊಟ್ಟಿ ಸೇರುತ್ತದೆ, ನೀರು ಹಾಲಿನಂತಾಗುತ್ತದೆ. ನಡುವೆ ನೀರು ತುಂಬಿದ ಸಣ್ಣ ಬಾಟಲಿಯೊಂದನ್ನು ಕೂರಿಸಿದರೆ ನೊರೆ ಅಲ್ಲೇ ನಿಲ್ಲುತ್ತದೆ, ಗುಳ್ಳೆ ಎಣಿಸಲೂ ಆಗುತ್ತದೆ.

ಖರ್ಚು ಏನೂ ಇಲ್ಲವೆನ್ನುವಷ್ಟು. ತೊಂದರೆ ಹವೆಯದ್ದು. 24–25 ಡಿಗ್ರಿಯಲ್ಲಿ ಎರಡು-ಎರಡೂವರೆ ವಾರ ಬಂದ ಬಾಟಲಿ, ಏಪ್ರಿಲ್ ಸೆಕೆಯಲ್ಲಿ ಹತ್ತೇ ದಿನಕ್ಕೆ ಮುಗಿಯಿತು. ಮೊದಲ ನಾಲ್ಕು ದಿನ ಗುಳ್ಳೆ ಧಾರಾಕಾರ, ಕೊನೆಯ ನಾಲ್ಕು ದಿನ ಬಿಕ್ಕಳಿಕೆ. ಈಸ್ಟ್ ತಾನೇ ಮಾಡಿದ ಮದ್ಯದಲ್ಲಿ ತಾನೇ ಸಾಯುತ್ತದೆ, ಸಕ್ಕರೆ ಉಳಿದಿದ್ದರೂ ಪ್ರಯೋಜನವಿಲ್ಲ. ರಾತ್ರಿ ನಿಲ್ಲಿಸುವಂತೆಯೂ ಇಲ್ಲ. ವಾಲ್ವ್ ಮುಚ್ಚಿದರೆ ಬಾಟಲಿ ಉಬ್ಬಿ ಸಿಡಿಯಬಹುದು. ಕತ್ತಲಲ್ಲಿ ಗಿಡಗಳೂ ಆಮ್ಲಜನಕವನ್ನೇ ಉಸಿರಾಡುವುದರಿಂದ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುವುದು ಈ ವಿಧಾನದಲ್ಲೇ ಹೆಚ್ಚು. ಗಡ್ಡದ ಪಾಚಿ ಬಂದದ್ದೂ ಇದರಲ್ಲೇ. 20 ಲೀಟರಿನ ತೊಟ್ಟಿಗೆ, ಗ್ಯಾಸ್ ಎಂದರೇನೆಂದು ತಿಳಿಯುವ ಮಟ್ಟಿಗೆ, ಸರಿ.

ನಿಂಬೆ ಉಪ್ಪು ಮತ್ತು ಅಡುಗೆ ಸೋಡಾ

ಎರಡು ಬಾಟಲಿ, ಮುಚ್ಚಳಗಳಿಗೆ ಲೋಹದ ಕಿಟ್. ಒಂದರಲ್ಲಿ 200 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಮತ್ತು 400 ಮಿ.ಲೀ. ನೀರು; ಇನ್ನೊಂದರಲ್ಲಿ 200 ಗ್ರಾಂ ಸೋಡಾ ಮತ್ತು 200 ಮಿ.ಲೀ. ನೀರು. ಸೋಡಾ ಪೂರ್ತಿ ಕರಗುವುದಿಲ್ಲ, ಕರಗಬೇಕಿಲ್ಲ. ಹುಳಿ ಬಾಟಲಿಯನ್ನು ಒಮ್ಮೆ ಹಿಸುಕಿದರೆ ಹುಳಿನೀರು ಸೋಡಾಕ್ಕೆ ಬಿದ್ದು ಗ್ಯಾಸ್ ಏಳುತ್ತದೆ, ಒತ್ತಡ ಎರಡೂ ಕಡೆ ಸಮವಾಗಿ ನಿಲ್ಲುತ್ತದೆ. ಒತ್ತಡ ಇಳಿದಾಗ ಮತ್ತಷ್ಟು ಹುಳಿ ಜಿನುಗುತ್ತದೆ. ಈಸ್ಟಿಗಿಂತ ಇದರ ಮೇಲುಗೈ ಇಲ್ಲೇ: ಬೇಕಾದಷ್ಟೇ ಹುಟ್ಟುತ್ತದೆ, ನೀಡಲ್ ವಾಲ್ವ್‌ನಿಂದ (ಹರಿವನ್ನು ಸೂಕ್ಷ್ಮವಾಗಿ ಹೊಂದಿಸುವ ತಿರುಪು) ಗುಳ್ಳೆ ಹಿಡಿತಕ್ಕೆ ಸಿಗುತ್ತದೆ, ರಾತ್ರಿ ಮುಚ್ಚಬಹುದು. ಸೆಕೆಂಡಿಗೆ ಒಂದು ಗುಳ್ಳೆಯಂತೆ ದಿನಕ್ಕೆ 8 ಗಂಟೆ ಬಿಟ್ಟಾಗ ಮೂರು ವಾರ ದಾಟಿತು.

ಕೈಕೊಡುವುದು ಮುಚ್ಚಳದ ವಾಷರ್. ಸಣ್ಣ ಸೋರಿಕೆ ಇದ್ದರೂ ಒತ್ತಡ ನಿಲ್ಲದೆ ಹುಳಿಯೆಲ್ಲ ಒಂದೇ ರಾತ್ರಿಯಲ್ಲಿ ಹರಿದುಹೋಗುತ್ತದೆ. ಪ್ರತಿ ಬಾರಿ ತುಂಬಿದಾಗಲೂ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ನೋಡಬೇಕು. ಕುಡಿಯುವ ನೀರಿನ ತೆಳು ಬಾಟಲಿ, ಗಾಜಿನ ಬಾಟಲಿ ಎರಡೂ ಕೂಡದು. ಒತ್ತಡ ತಡೆಯುವುದು ಕೂಲ್‌ಡ್ರಿಂಕ್ ಬಾಟಲಿ. ಸುರಕ್ಷತಾ ವಾಲ್ವ್ ಇಲ್ಲದ ಕಿಟ್ ಅಗ್ಗವಾದರೂ ಬೇಡ.

ಸಿಲಿಂಡರ್

ಬೇಕಾದದ್ದು ಒತ್ತಡ ಇಳಿಸುವ ರೆಗ್ಯುಲೇಟರ್, ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್ ಆದ ಸೊಲೆನಾಯ್ಡ್, ನೀಡಲ್ ವಾಲ್ವ್, ಗುಳ್ಳೆ ಎಣಿಸುವ ಬಬಲ್ ಕೌಂಟರ್, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್, ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿಸುವ ಡಿಫ್ಯೂಸರ್. ಮೊದಲ ಖರ್ಚು ಭಾರಿ. ಆಮೇಲೆ 2 ಕೆ.ಜಿ. ಸಿಲಿಂಡರ್ ಎರಡಡಿ ತೊಟ್ಟಿಗೆ ತಿಂಗಳುಗಟ್ಟಲೆ ಬರುತ್ತದೆ. ಟೈಮರಿಗೆ ಸೊಲೆನಾಯ್ಡ್ ಕೊಟ್ಟು, ಬೆಳಕು ಹತ್ತುವ ಒಂದೂವರೆ ಗಂಟೆ ಮೊದಲು ಶುರು, ಆರುವ ಒಂದು ಗಂಟೆ ಮೊದಲು ಬಂದ್ ಮಾಡಿದರೆ ಮಟ್ಟ ಅಲುಗುವುದಿಲ್ಲ. ರೋಟಾಲಾದ ತುದಿ ಕೆಂಪಾದದ್ದು ಇಲ್ಲಿ ಮಾತ್ರ.

ಮೀಟರ್ ನೋಡಿ ಮೋಸ ಹೋಗಬಾರದು. ಒಳಗಿರುವುದು ದ್ರವ; ಕೊನೆಯ ಹನಿ ಇರುವವರೆಗೂ 25 ಡಿಗ್ರಿಯಲ್ಲಿ ಮುಳ್ಳು 64 ಬಾರ್ ಸುತ್ತಲೇ ನಿಂತಿರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತಕ್ಕಡಿಯೇ ಗತಿ. ದ್ರವ ಮುಗಿದು ಮುಳ್ಳು ಇಳಿಯತೊಡಗಿದಾಗ ಅಗ್ಗದ ಸಿಂಗಲ್-ಸ್ಟೇಜ್ ರೆಗ್ಯುಲೇಟರ್ ಉಳಿದ ಗ್ಯಾಸನ್ನು ಒಮ್ಮೆಲೇ ತೊಟ್ಟಿಗೆ ಸುರಿದುಬಿಡಬಹುದು, ಮೀನೆಲ್ಲ ಹೋದಂತೆಯೇ. ಮುಳ್ಳು ಇಳಿಯಲು ಶುರುವಾದ ದಿನವೇ ಬಿಚ್ಚಿ ತುಂಬಿಸಲು ಕೊಡಬೇಕು. ಸಿಲಿಂಡರ್ ಸದಾ ನೆಟ್ಟಗಿರಲಿ, ಬಿಸಿಲಿಗೆ ಬೇಡ.

ಬಾಟಲಿಯಲ್ಲಿ ಸಿಗುವ ‘ದ್ರವ ಇಂಗಾಲ’

ಹೆಸರಿಗೆ ಇಂಗಾಲ, ಒಳಗಿರುವುದು ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್. 40 ಲೀಟರಿಗೆ ದಿನಕ್ಕೆ 1 ಮಿ.ಲೀ. ಹಾಕಿದಾಗ ರೋಟಾಲಾದಲ್ಲಿ ಹೇಳುವಂಥ ಬದಲಾವಣೆ ಕಾಣಲಿಲ್ಲ, ವ್ಯಾಲಿಸ್ನೇರಿಯಾ ಮಾತ್ರ ವಾರದೊಳಗೆ ಕರಗಿ ಲೋಳೆಯಾಯಿತು. ಆದರೂ ಬಾಟಲಿ ಎಸೆಯಬೇಕಿಲ್ಲ. ಫಿಲ್ಟರ್ ನಿಲ್ಲಿಸಿ, ದಿನದ ಅದೇ ಅಳತೆಯನ್ನು ಸಿರಿಂಜಿನಿಂದ ಗಡ್ಡದ ಪಾಚಿಯ ಮೇಲೆಯೇ ಬಿಟ್ಟು, ಹತ್ತು ನಿಮಿಷದ ನಂತರ ಫಿಲ್ಟರ್ ಹಾಕಿದರೆ ಪಾಚಿ ಎರಡು-ಮೂರು ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿ ಸಾಯುತ್ತದೆ. ಕೈಗವಸು ಹಾಕಿಕೊಳ್ಳಬೇಕು, ಕಣ್ಣಿಗೆ ತಾಗಬಾರದು. ಅಳತೆ ಮೀರಿದರೆ ಮೊದಲು ಸಾಯುವುದು ಸೀಗಡಿ.

ಎರಡಡಿಯವರೆಗಿನ ಒಂದೇ ತೊಟ್ಟಿಗೆ ನಿಂಬೆ ಉಪ್ಪಿನ ಕಿಟ್ ಸಾಕು. ಮೂರಡಿ ದಾಟಿದರೆ ಅಥವಾ ತೊಟ್ಟಿ ಎರಡಾದರೆ ಸಿಲಿಂಡರ್ ತೆಗೆದುಕೊಳ್ಳುವುದೇ ಉಳಿತಾಯ.

ಯಾವುದೇ ಆಗಲಿ, ಅಳೆಯದೆ ಬಿಡಬಾರದು. ಬೇರೆಯವರ ಪಿಎಚ್ ಅಂಕಿ ನಮ್ಮ ನೀರಿಗೆ ಹೊಂದುವುದಿಲ್ಲ: ಕೆಎಚ್ (ನೀರಿನ ಕಾರ್ಬನೇಟ್ ಗಡಸುತನ) 4 ಇರುವ ಮೆದು ನೀರಿನಲ್ಲಿ 30 ಮಿ.ಗ್ರಾಂ. ಎಂದರೆ ಪಿಎಚ್ 6.6, ಕೆಎಚ್ 12 ಇರುವ ಬೋರ್‌ವೆಲ್ ನೀರಿನಲ್ಲಿ ಅದೇ 30ಕ್ಕೆ ಸುಮಾರು 7.1. ಗ್ಯಾಸಿನ ಮಟ್ಟಕ್ಕೆ ತಕ್ಕಂತೆ ಬಣ್ಣ ಬದಲಿಸುವ ದ್ರಾವಣದ ಪುಟ್ಟ ಬುಡ್ಡಿ, ಡ್ರಾಪ್ ಚೆಕರ್, ಸುಲಭ, ಆದರೆ ಅದಕ್ಕೆ ತೊಟ್ಟಿಯ ನೀರು ತುಂಬಬಾರದು; 4 ಕೆಎಚ್ ದ್ರಾವಣವೇ ಆಗಬೇಕು. ನೀಲಿ ಎಂದರೆ ಕಡಿಮೆ, ಎಲೆಹಸಿರು ಸರಿ, ಹಳದಿ ಅಪಾಯ. ಬಣ್ಣ ತೋರುವುದು ಎರಡು ಗಂಟೆ ಹಿಂದಿನ ಸ್ಥಿತಿ. ಆದ್ದರಿಂದ ಗುಳ್ಳೆ ಹೆಚ್ಚಿಸಿದ ದಿನ ಮನೆಯಲ್ಲೇ ಇರಬೇಕು, ಏರ್ ಪಂಪ್ ಕೈಗೆಟುಕುವಲ್ಲಿರಬೇಕು. ಮೀನು ಮೇಲೆ ಬಂದು ಬಾಯಿ ಬಡಿದರೆ ಗ್ಯಾಸ್ ಮುಚ್ಚಿದರಷ್ಟೇ ಸಾಲದು. ಪಂಪ್ ಹಾಕಿ ನೀರಿನ ಮೇಲ್ಮೈ ಚೆನ್ನಾಗಿ ಕಲಕಿದರೆ ಮಾತ್ರ ಕರಗಿದ ಗ್ಯಾಸ್ ಬೇಗ ಹೊರಹೋಗುತ್ತದೆ.