ಗ್ರೀನ್‌ಟೌನ್ ಗಾಜು: ಚಾಕೊಲೇಟೋ, ಹಾಲಿ ಅಂಬರೋ, ಸಾದಾ ಗಾಜೋ?

ಅಮೆರಿಕದ ಇಂಡಿಯಾನಾದ ಪುಟ್ಟ ಊರು ಗ್ರೀನ್‌ಟೌನ್. ಅಲ್ಲಿನ ಗಾಜಿನ ಕಾರ್ಖಾನೆ ನಡೆದದ್ದು 1894ರಿಂದ 1903ರವರೆಗೆ ಮಾತ್ರ; ಆ ಜೂನ್‌ನಲ್ಲಿ ಬೆಂಕಿ ಬಿದ್ದು ಮುಚ್ಚಿಹೋಯಿತು. ಅಲ್ಲಿನ ಹಳೆಯ ಗಾಜಿನ ಪಾತ್ರೆಗಳ ಸಂಗ್ರಹ ಶುರುಮಾಡುವವರು ಈ ಮೂರು ಬಗೆಯಲ್ಲಿ ಯಾವುದನ್ನು ಕೊಳ್ಳಬೇಕು?

ದುಡ್ಡಿನ ಮಾತು ಮೊದಲು. ಬಣ್ಣವಿಲ್ಲದ ಸಾದಾ ಅಚ್ಚಿನ ಗಾಜು ಅಗ್ಗ. ಕಾರ್ಖಾನೆಯ ಗಾಜು ತಜ್ಞ ಜೇಕಬ್ ರೋಸೆಂಥಾಲ್ 1900ರಲ್ಲಿ ತಂದ, ಚಾಕೊಲೇಟಿನಂತೆ ಕಂದು ಬಣ್ಣದ ‘ಚಾಕೊಲೇಟ್ ಗಾಜು’ ಮಧ್ಯಮ. ಹಾಲಿ ಎಂಬ ಗಿಡದ ಎಲೆಯ ವಿನ್ಯಾಸವಿರುವ ‘ಹಾಲಿ ಅಂಬರ್’ ತಯಾರಾದದ್ದು 1903ರ ಕೆಲವೇ ತಿಂಗಳು, ಹಾಗಾಗಿ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಅಸಲಿ ಗುರುತಿಸುವುದೇ ನಿಜವಾದ ತಲೆನೋವು. ರೋಸೆಂಥಾಲ್ ಮುಂದೆ ಫೆಂಟನ್ ಎಂಬ ಇನ್ನೊಂದು ಗಾಜಿನ ಕಂಪನಿಗೆ ಹೋದರು, ಅಲ್ಲೂ ಚಾಕೊಲೇಟ್ ಗಾಜು ಬಂತು. 1976ರಲ್ಲಿ ಫೆಂಟನ್ ಮತ್ತೆ ತಯಾರಿಸಿತು. ಅಂದರೆ ಬಣ್ಣ ನೋಡಿ ನಂಬುವಂತಿಲ್ಲ, ಅಚ್ಚಿನ ವಿನ್ಯಾಸವನ್ನೇ ನೋಡಬೇಕು. ಹಾಲಿ ಅಂಬರ್‌ನಲ್ಲಿ ಜೇನಿನ ಬಣ್ಣದ ಗಾಜಿಗೆ ಹಾಲುಬಿಳುಪಿನ ಪಟ್ಟಿ, ಜೊತೆಗೆ ಹಾಲಿ ಎಲೆ. ಸೇಂಟ್ ಕ್ಲೇರ್ ಎಂಬ ಗಾಜಿನ ಕಂಪನಿ ಇದನ್ನೂ ನಕಲು ಮಾಡಿದೆ. ಗೊತ್ತಿದ್ದವರಿಗೆ ತೋರಿಸದೆ ಕೊಳ್ಳುವುದು ದುಡುಕು. ಸಾದಾ ಗಾಜಿಗೆ ಆ ಮಟ್ಟದ ಆತಂಕವಿಲ್ಲ, ಆದರೆ ಯಾವ ಕಾರ್ಖಾನೆಯದು ಎಂದು ಹೇಳಲು ವಿನ್ಯಾಸಗಳ ಪರಿಚಯ ಬೇಕೇಬೇಕು.

ಮೂರಕ್ಕೂ ಬಿಸಿನೀರು ಆಗದು. ಕೊಳ್ಳುವಾಗ ಅಂಚಿನ ಸುತ್ತ ಬೆರಳಾಡಿಸಿ. ಕಣ್ಣಿಗೆ ಕಾಣದ ಚಕ್ಕೆ ಅಲ್ಲೇ ಸಿಗುತ್ತದೆ.

ವಿನ್ಯಾಸ ಕಲಿಯುವ ಆಸೆಯಿದ್ದು ಕೈ ಬಿಗಿಯಿದ್ದರೆ ಸಾದಾ ಗಾಜು. ಕಪಾಟು ತುಂಬಬೇಕು ಎನ್ನುವವರಿಗೆ ಚಾಕೊಲೇಟ್, ಅದರಲ್ಲೂ ಕ್ಯಾಕ್ಟಸ್ ವಿನ್ಯಾಸ ಚೆಂದ. ಒಂದೇ ಒಂದು ಸಾಕು, ದುಡ್ಡೂ ತಾಳ್ಮೆಯೂ ಇದೆ ಎನ್ನುವವರು ಹಾಲಿ ಅಂಬರ್‌ಗೆ ಕಾಯಲಿ.